ಒಡೆಯರಿಲ್ಲದ ಹಿಂಡು

ಹೋದ ತಿಂಗಳು ದಿಂಡಿಗಲ್ ಸ್ಟೇಷನ್ನಿನಲ್ಲಿ ತಿರುಚಿನಾಪಳ್ಳಿಯ ಕಡೆಯಿಂದ ಬರುವ ರೈಲಿಗೆ ಕಾಯುತ್ತ ನಿಂತಿದ್ದೆ. ನಮ್ಮ ಪಾಠಶಾಲೆಗೆ ಭೂಪಟಗಳು ಬರುವುದಿತ್ತು. ಎದುರಿನ ಹಳಿಯ ಮೇಲೆ ದನ ತುಂಬಿದ ಗೂಡ್ಸು ಗಾಡಿ ನಿಂತಿತ್ತು. ಹಲಗೆಗಳ ಸಂದಿನಲ್ಲಿ ಮೂತಿಗಳು ಕಾಣುತ್ತಿದ್ದವು. ಸಣ್ಣಗೆ ಹನಿಯುತ್ತಿತ್ತು. ನೆನೆದ ತೊಗಲು, ತುಳಿದು ಕೆಸರಾದ ಸಗಣಿ, ಹೆದರಿದ ದನಗಳ ಬಿಸಿ ಉಸಿರು, ಎಲ್ಲ ಕಲೆತ ವಾಸನೆಯೊಂದು ಗಾಳಿಯ ಜೊತೆ ಬಂತು. ಮರುಗಳಿಗೆ ನನ್ನ ಕೈ ಎದೆಯ ಮೇಲಿತ್ತು. ಕೋಟಿನ ಗುಂಡಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದೆ.

"ಏನ್ ವಾಧ್ಯಾರೇ, ಎದೆನೋವಾ?" ಎಂದು ಕೂಲಿಯವನು ಕೇಳಿದ.

"ಇಲ್ಲಪ್ಪಾ" ಎಂದೆ.

ಆ ಗುಂಡಿಯ ಮೇಲೆ ಒಮ್ಮೆ ಬಂದೂಕಿನ ಬಾಯಿ ಬಂದು ಕೂತಿತ್ತು ಎಂದು ಅವನಿಗೆ ಹೇಗೆ ಹೇಳುವುದು? ರೈಲು ಬಂದದ್ದೂ ಭೂಪಟಗಳ ಕಟ್ಟು ಇಳಿಸಿಕೊಂಡದ್ದೂ ನನಗೆ ಸರಿಯಾಗಿ ನೆನಪಿಲ್ಲ. ನಾನು ಮನಸ್ಸಿನಲ್ಲಿ ಕಂಬಂ ಕಣಿವೆಯ ನಮ್ಮೂರ ಕೊಂಡವಾಡದ ಮುಂದೆ ನಿಂತುಬಿಟ್ಟಿದ್ದೆ.

ಅದು ಬೆಟ್ಟದ ಮೇಲೆ ದೊಡ್ಡ ಅಣೆ ಕಟ್ಟುತ್ತಿದ್ದ ಕಾಲ. ಅದರ ನೀರು ಇನ್ನೂ ನಮ್ಮ ಕಣಿವೆಗೆ ಇಳಿದಿರಲಿಲ್ಲ. ನಮ್ಮ ಕಡೆಯಿಂದ ಕೂಲಿಗೆ ಹೋದವರು ಚಳಿಜ್ವರ ಹೊತ್ತುಕೊಂಡು ಇಳಿದು ಬರುತ್ತಿದ್ದರು. ನಾನು ತಿರುಚಿಯಲ್ಲಿ ಬಿ.ಎ. ಪರೀಕ್ಷೆ ಮುಗಿಸಿ, ದಿಂಡಿಗಲ್‌ನಲ್ಲಿ ರೈಲಿಳಿದು, ಪೆರಿಯಕುಳಂ, ತೇನಿ ದಾಟುವ ಎತ್ತಿನ ಗಾಡಿಯಲ್ಲಿ ಮೈಯೆಲ್ಲ ನುಗ್ಗಾಗಿ ಊರು ಸೇರಿದ್ದೆ. ಆನಿ ತಿಂಗಳು, ಮುಂಗಾರು ಹಿಡಿಯುವ ಕಾಲ. ಮೇಲಿನ ಬೆಟ್ಟದಲ್ಲಿ ಮಳೆ ಸುರಿದರೆ ನಮ್ಮ ಕಣಿವೆಗೆ ಬರುವುದು ಅದರ ಗಾಳಿ ಮತ್ತು ತುಂತುರು ಮಾತ್ರ. ನಮ್ಮವರು ಅದಕ್ಕೆ ಸಾರಲು ಎನ್ನುತ್ತಾರೆ. ಬಟ್ಟೆ ಪೂರಾ ನೆನೆಯುವುದೂ ಇಲ್ಲ, ಒಣಗುವುದೂ ಇಲ್ಲ.

ನನಗೆ ಆಗಲೇ ಒಂದು ಕೆಲಸ ಕಾದಿತ್ತು. ಕಾಡಿನ ಇಲಾಖೆಯ ಬಿಳಿಯ ದೊರೆಯ ಕಚೇರಿಯಲ್ಲಿ ದುಭಾಷಿಯ ಕೆಲಸ. ಅವರ ದುಭಾಷಿ ಜ್ವರ ಹಿಡಿದು ಮಲಗಿದ್ದ. ಪರೀಕ್ಷೆಯ ಫಲ ಬರಲಿ, ಅಲ್ಲಿಯವರೆಗೆ ಕರೆದಾಗ ಬಂದು ಮಾತು ತಿರುಗಿಸಿ ಹೇಳು, ಆಮೇಲೆ ಕಾಯಂ ಮಾಡೋಣ ಎಂದಿದ್ದರು. ನಮ್ಮಪ್ಪ ಈ ಸುದ್ದಿಯನ್ನು ಕಂಡವರಿಗೆಲ್ಲ ಹೇಳಿದ್ದರು. ಊರವರು ನನಗೆ ಕಾಲೇಜಪ್ಪ ಎಂದು ಹೆಸರಿಟ್ಟಿದ್ದರು. ನಾನು ಕೆರೆಗೆ ಹೋದರೂ, "ಕಾಲೇಜಪ್ಪ ಇಂಗ್ಲೀಸಲ್ಲಿ ಮುಖ ತೊಳೀತಾನೆ ನೋಡ್ರೋ" ಎಂದು ನಗುತ್ತಿದ್ದರು.

ನಮ್ಮದು ಕನ್ನಡ ಮಾತಾಡುವ ಒಕ್ಕಲು ಮನೆತನ. ಯಾವ ಕಾಲದಲ್ಲಿ ಯಾರಿಗೆ ಹೆದರಿ ಇಲ್ಲಿಗೆ ಬಂದೆವೋ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಆದರೆ ಬರುವಾಗ ಜೊತೆಗೆ ನಡೆದು ಬಂದ ದನಗಳ ಸಂತತಿ ಇನ್ನೂ ನಮ್ಮಲ್ಲಿದೆ. ಅವುಗಳಿಗೆ ದೇವರಾವು ಎನ್ನುತ್ತೇವೆ. ಅವಕ್ಕೆ ನೊಗ ಹೂಡುವುದಿಲ್ಲ, ಮೂಗುದಾರ ಪೋಣಿಸುವುದಿಲ್ಲ, ಅವುಗಳ ಹಾಲು ಮಾರುವುದಿಲ್ಲ, ಮೈಮೇಲೆ ಬರೆ ಇಡುವುದಿಲ್ಲ. ಮುಖ್ಯವಾದದ್ದು ಇನ್ನೊಂದು: ಆ ಹಿಂಡನ್ನು ತೋರಿಸಿ ಯಾರೂ "ನನ್ನದು" ಎನ್ನುವಂತಿಲ್ಲ. ಊರೆಲ್ಲ ಸೇರಿ ಮೇಯಿಸುತ್ತದೆ. ಹಿಂಡಿಗೆ ಒಂದು ಅರಸು ಇರುತ್ತದೆ, ಅದು ಪಟ್ಟದಾವು. ಅದನ್ನು ಮನುಷ್ಯರು ಆರಿಸುವುದಿಲ್ಲ. ಹಳೆಯ ಅರಸು ಸತ್ತರೆ ಕಬ್ಬಿನ ಕಟ್ಟನ್ನು ಹಿಂಡಿನ ಮುಂದಿಟ್ಟು ದೂರ ನಿಲ್ಲುತ್ತಾರೆ. ಯಾವುದು ತಾನಾಗಿ ಮೊದಲು ಬಂದು ಬಾಯಿ ಹಾಕುತ್ತದೋ ಅದೇ ಅರಸು. ಅದಕ್ಕೆ ಅರಿಶಿನದ ನೀರು ಎರೆಯುತ್ತಾರೆ. ಆಮೇಲೆ ಅದು ನಡೆದರೆ ಅದರ ಮುಂದೆ ಯಾರೂ ಅಡ್ಡ ನಿಲ್ಲಬಾರದು.

ತಿರುಚಿಯಿಂದ ಬಂದ ನನಗೆ ಇದೆಲ್ಲ ಹಳೆಯ ಕಾಲದ ಕತೆಯಂತೆ ಕಾಣುತ್ತಿತ್ತು. ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಅಷ್ಟೇ.

ಮಳೆಗಾಲ ಬಂದರೆ ಹಿಂಡು ಬೆಟ್ಟದ ಬುಡದ ಕಾಡಿಗೆ ಹೋಗುವುದು ವಾಡಿಕೆ. ಆ ವರ್ಷ ಬೆಟ್ಟದ ಬುಡದುದ್ದಕ್ಕೂ ಸುಣ್ಣ ಬಳಿದ ಕಲ್ಲುಗಳು ನಿಂತಿದ್ದವು. ಕಲ್ಲಿನಾಚೆ ಸರ್ಕಾರದ ಕಾಡು. ಒಳಗೆ ದನ ಬಿಡಬೇಕಾದರೆ ಒಡೆಯನು ಬಂದು ತನ್ನ ಹೆಸರು ಹೇಳಿ ಅಪ್ಪಣೆ ಪಡೆಯಬೇಕು, ದನಕ್ಕೆ ಬರೆ ಹಾಕಿಸಬೇಕು. ಊರಿನ ಚಾವಡಿಯಲ್ಲಿ ಈ ಮಾತು ಬಂದಾಗ ಹಿಂಡು ಕಾಯುವ ಕೆಂಚಯ್ಯ ಮಾವ ಬೀಡಾ ಉಗಿದು, "ಒಡೆಯ ಬೇಕಂತೆ. ಸಾಮೀನ ಕರ್ಕೊಂಡೋಗಿ ನಿಲ್ಲಿಸ್ಲಾ? ಅವನ ಹೆಬ್ಬೆಟ್ಟು ಎಲ್ಲದೆ ಅಂತ ಹುಡುಕ್ಲಿ" ಎಂದರು. ಎಲ್ಲರೂ ನಕ್ಕರು. ಮಾರನೆಯ ದಿನ ಅವರು ಹಿಂಡನ್ನು ಕಲ್ಲು ದಾಟಿಸಿ ಹೊಡೆದುಕೊಂಡು ಹೋದರು.

ಎರಡು ದಿನ ಕಳೆಯುವಷ್ಟರಲ್ಲಿ ಕಾಡಿನ ಕಾವಲುಗಾರರು ಹಿಂಡನ್ನೆಲ್ಲ ಹಿಡಿದು ತಂದು ಕೊಂಡವಾಡಕ್ಕೆ ತುಂಬಿದರು. ಅದು ಊರ ಹೊರಗಿನ ಕಲ್ಲುಗೋಡೆಯ ದೊಡ್ಡಿ. ಪೈರು ಮೇಯ್ದ ಪುಂಡು ದನಗಳನ್ನು ಕೂಡಿಹಾಕಲು ಕಟ್ಟಿದ್ದು. ಬಾಗಿಲಿಗೆ ಎರಡು ಕಲ್ಲುಕಂಬ, ಕಂಬದ ತೂತುಗಳಲ್ಲಿ ತೂರಿಸಿದ ಮೂರು ಅಡ್ಡಮರ. ಆ ಇಕ್ಕಟ್ಟಿನಲ್ಲಿ ಹಿಂಡು ಒಂದರ ಮೈಗೆ ಒಂದು ಒತ್ತಿಕೊಂಡು ನಿಂತಿತ್ತು. ಮೇವು ಸಾಲದು, ನೀರು ಸಾಲದು. ಪಟ್ಟದಾವು ಮುದಿ ಹೋರಿ. ಅದು ಒಳಗೇ ಕಾಲು ಮಡಚಿ ಮಲಗಿತು, ಮೇಲೇಳಲಿಲ್ಲ.

ಅದರ ಹೆಣವನ್ನು ಹೊರಗೆ ಎಳೆದಾಗ ನನ್ನ ವೀರಮ್ಮತ್ತೆ ಬೊಬ್ಬೆ ಹಾಕಲಿಲ್ಲ. ಅವಳು ನಮ್ಮಪ್ಪನ ಅಕ್ಕ. ಗಂಡ ಸತ್ತ ಮೇಲೆ ನಮ್ಮ ಮನೆಗೆ ಬಂದವಳು, ತಾಯಿಯಿಲ್ಲದ ನನ್ನನ್ನು ಸಾಕಿದವಳು. ಅರಿಶಿನ ತಂದು ಅದರ ಹಣೆಗೆ ಹಚ್ಚಿ, ಎದ್ದು ನಿಂತು, ಕೊಂಡವಾಡದ ಗುಮಾಸ್ತನ ಮುಖಕ್ಕೇ ಹೇಳಿದಳು: "ನಾಳೆ ನಿಮ್ಮಪ್ಪ ಸತ್ರೂ ಇಂಗೇ ಕಾಲಿಡಿದು ಎಳಿ, ಆಯ್ತಾ?"

ಸರ್ಕಾರದ ಡಂಗುರ ಬಂತು. ಒಡೆಯನು ಬಂದು "ಇವು ನನ್ನವು" ಎಂದು ಹೇಳಿ ದಂಡ ಕಟ್ಟಿದರೆ ಹಿಂಡನ್ನು ಬಿಡುತ್ತಾರೆ. ಯಾರೂ ಬರದಿದ್ದರೆ ಸಂತೆಯ ದಿನ ಹರಾಜು. ಅಣೆಯ ಕೆಲಸಕ್ಕೆ ಕಲ್ಲು ಎಳೆಯಲು ಗುತ್ತಿಗೆದಾರರಿಗೆ ಎತ್ತುಗಳು ಬೇಕಾಗಿದ್ದವು. ಉಳಿದದ್ದು ಕಸಾಯಿಯವರ ಪಾಲು. ಇದು ಊರಿಗೆಲ್ಲ ಗೊತ್ತಿತ್ತು.

ಊರು ಒಂದೇ ಮಾತಿಗೆ ಬಂತು. ಯಾರೂ ನನ್ನದು ಎನ್ನುವುದಿಲ್ಲ. ಯಾರೂ ಹರಾಜು ಕೂಗುವುದೂ ಇಲ್ಲ. ಆ ಮಾತು ಬೋಡಿ ಪೇಟೆಯ ಏಲಕ್ಕಿ ಗಾಡಿಯವರವರೆಗೆ ಹೋಯಿತು. ಕಣಿವೆಯಲ್ಲಿ ಬೇರೆ ಜಾತಿ, ಬೇರೆ ಮಾತಿನವರೂ ತಲೆಯಾಡಿಸಿದರು. ಅವರ ದನಗಳೂ ಅದೇ ಬಿಳಿ ಕಲ್ಲುಗಳ ಈಚೆ ಹಸಿದು ನಿಂತಿದ್ದವು.

ದೊರೆ ನನ್ನನ್ನು ತಮ್ಮ ಬಿಡಾರಕ್ಕೆ ಕರೆಸಿದರು. ಕೆಟ್ಟ ಮನುಷ್ಯನಲ್ಲ. ಕುರ್ಚಿ ಕೊಟ್ಟರು. ಜ್ವರದಿಂದ ಅವರ ಮುಖವೂ ಹಳದಿಯಾಗಿತ್ತು. "ನೀನು ಓದಿದವನು" ಎಂದರು. "ನನಗೂ ಆ ದನಗಳನ್ನು ಮಾರುವ ಆಸೆಯಿಲ್ಲ. ಒಬ್ಬ ಒಡೆಯ ಬೇಕು, ಕಾನೂನಿಗೆ ಅಷ್ಟೇ ಸಾಕು. ಹರಾಜಿನ ದಿನ ಎಲ್ಲರ ಎದುರು 'ಇವು ನನ್ನವು' ಎಂದು ಒಂದು ಮಾತು ಹೇಳು. ದಂಡವನ್ನು ನಾನೇ ಮನ್ನಾ ಮಾಡಿಸುತ್ತೇನೆ. ಹಿಂಡನ್ನು ಮನೆಗೆ ಹೊಡೆದುಕೊಂಡು ಹೋಗು. ತಿಂಗಳು ಹುಟ್ಟುತ್ತಲೇ ಕೆಲಸಕ್ಕೆ ಬಾ."

ನ್ಯಾಯವಾದ ಮಾತು ಎನಿಸಿತು. ದಾರಿಯುದ್ದಕ್ಕೂ ಆ ಮಾತನ್ನು ಬಾಯಲ್ಲಿ ಹೇಳಿ ನೋಡಿಕೊಂಡೆ. ಎರಡು ಪದ. ದನ ಉಳಿಯುತ್ತದೆ, ಯಾರ ತಲೆಯೂ ಒಡೆಯುವುದಿಲ್ಲ.

ಮನೆಯಲ್ಲಿ ಅತ್ತೆ ರಾಗಿ ಬೀಸುತ್ತಿದ್ದಳು. ಎಲ್ಲ ಹೇಳಿದೆ. ಅವಳು ಬೀಸುಕಲ್ಲು ನಿಲ್ಲಿಸಲಿಲ್ಲ.

"ಹೇಳ್ಬಿಡು ಮತ್ತೆ" ಎಂದಳು.

"ನಿಜವಾಗ್ಲೂ?"

"ಊಂ. ಹೇಳು. ಮುಂದಿನ ವರ್ಸ ಅವನು ಬಂದು, ನಿನ್ನ ದನ ತಾನೆ ತಂಬಿ, ಬರೆ ಹಾಕ್ಸು ಅಂತಾನೆ. ಹಾಕ್ಸು. ಅದರ ಮುಂದಿನ ವರ್ಸ, ನಿನ್ನ ದನ ತಾನೆ, ನಾಲ್ಕು ಎತ್ತು ಅಣೆಗೆ ಕಳಿಸು ಅಂತಾನೆ. ಕಳಿಸು. ಒಡೆಯ ಅಂತ ಒಬ್ಬ ಸಿಕ್ರೆ ಸಾಕಲ್ಲ, ಅವನ ಕಿವಿ ಹಿಂಡಿದ್ರೆ ಇಡೀ ಹಿಂಡು ಬತ್ತದೆ. ಇವತ್ತಿನವರ್ಗೂ ಯಾರ ಕಿವಿ ಹಿಡೀಬೇಕು ಅಂತ ಅವರಿಗೆ ಗೊತ್ತಾಗಿಲ್ಲ. ಅದಕ್ಕೇ ಇಷ್ಟು ಒದ್ದಾಡ್ತಾವ್ರೆ, ಪಾವಂ."

"ಇಲ್ದಿದ್ರೆ ಕಸಾಯಿಯವನು ತಗೊಂಡೋಗ್ತಾನೆ ಅತ್ತೆ."

"ತಗೊಂಡೋಗ್ಲಿ ನೋಡಾನ."

"ಜನದ ಮೇಲೆ ಗುಂಡು ಹಾರಿಸ್ತಾರೆ. ಬಂದೂಕು ತರ್ಸವ್ರೆ, ನಾನು ಕಣ್ಣಾರೆ ಕಂಡೆ."

ಆಗ ಬೀಸುಕಲ್ಲು ನಿಂತಿತು. ಅತ್ತೆ ನನ್ನ ಮುಖ ನೋಡಿದಳು. "ನಿನಗೆ ಬಯ ಆದ್ರೆ ಮನೇಲಿರು ಮಗಾ. ನಾನೇನೂ ಅಂದ್ಕೊಳಲ್ಲ. ಆದ್ರೆ ಬಯಕ್ಕೆ ಬುದ್ಧಿವಂತಿಕೆ ಅಂತ ಹೆಸರಿಟ್ಕೊಂಡು ಬರಬೇಡ."

ಸಂತೆಯ ದಿನ ಬೆಳಗ್ಗೆಯಿಂದಲೇ ಸಾರಲು. ನಾನು ತಿರುಚಿಯಲ್ಲಿ ಹೊಲಿಸಿದ ಕರಿ ಕೋಟು ಹಾಕಿಕೊಂಡು ಹೋದೆ. ದುಭಾಷಿಯಾಗಿ ದೊರೆಯ ಪಕ್ಕದಲ್ಲಿ ನಿಲ್ಲಬೇಕಿತ್ತು. ಹೇಳುವುದೋ ಬಿಡುವುದೋ ಆಗಲೂ ನನಗೆ ಗೊತ್ತಿರಲಿಲ್ಲ. ಸುಳ್ಳೇಕೆ, ಹೇಳುವ ಕಡೆಗೇ ಮನಸ್ಸು ವಾಲಿತ್ತು.

ಕೊಂಡವಾಡದ ಬಾಗಿಲ ಮುಂದೆ ಪೊಲೀಸರು ಸಾಲಾಗಿ ನಿಂತಿದ್ದರು. ದಿಂಡಿಗಲ್ ಕಡೆಯಿಂದ ಬಂದ ಕೆಲವು ಹರಾಜಿನವರು ಛತ್ರಿ ಹಿಡಿದು ಒಂದು ಮೂಲೆಯಲ್ಲಿ ಗುಂಪಾಗಿದ್ದರು. ಉಳಿದ ಬಯಲೆಲ್ಲ ನಮ್ಮ ಜನ. ಗಂಡಸರ ಕೈಯಲ್ಲಿ ಕೋಲಿರಲಿಲ್ಲ. ಕೋಲು ತಂದವರನ್ನು ಕೆಂಚಯ್ಯ ಮಾವ ಮನೆಗೆ ಅಟ್ಟಿದ್ದರು. ಹೆಂಗಸರು ತಲೆಯ ಮೇಲೆ ಕಬ್ಬಿನ ಕಟ್ಟು, ಅರಿಶಿನ ನೀರಿನ ಕೊಡ ಹೊತ್ತು ಬಂದಿದ್ದರು.

ಇನ್‌ಸ್ಪೆಕ್ಟರು ತಮಿಳಿನಲ್ಲಿ ಕೂಗಿದರು: "ಯಾರ್ ಮಾಡು ಇದು?" ಯಾರ ದನ ಇವು ಎಂದು.

ಮತ್ತೆ ಕೂಗಿದರು. ಹಿಂದಿನ ಸಾಲಿನಿಂದ ಒಬ್ಬ ಮುದುಕಿ, "ಮಾಡನ್ನೇ ಕೇಳಪ್ಪಾ" ಎಂದಳು. ನಗು ಬಯಲ ತುಂಬ ಹರಡಿತು. ಛತ್ರಿಯ ಕೆಳಗಿನ ಹರಾಜಿನವರೂ ನಕ್ಕರು. ಇನ್‌ಸ್ಪೆಕ್ಟರ ಮುಖ ಕೆಂಪಾಯಿತು.

ಅಷ್ಟರಲ್ಲಿ ಹೆಂಗಸರು ಗೋಡೆಯ ಬಳಿಗೆ ಹೋಗಿ ಕಬ್ಬಿನ ಕಟ್ಟನ್ನು ಒಳಕ್ಕೆ ಇಳಿಬಿಟ್ಟಿದ್ದರು. ಪೊಲೀಸರು ತಡೆಯಲಿಲ್ಲ. ಹಸಿದ ದನಕ್ಕೆ ಮೇವು ಎಂದುಕೊಂಡರೇನೋ. ಎಲ್ಲರೂ ಹಿಂದೆ ಸರಿದು ನಿಂತರು. ಒಳಗೆ ದನಗಳು ಕದಲಲಿಲ್ಲ. ಅಷ್ಟು ಹಸಿವಿದ್ದೂ ಕದಲಲಿಲ್ಲ. ಮೈಮೇಲೆ ಸಾರಲು ಬಿದ್ದು ಹೊಗೆಯಾಡುತ್ತಿತ್ತು. ಆ ವಾಸನೆಯನ್ನೇ ನಾನು ದಿಂಡಿಗಲ್‌ನಲ್ಲಿ ಮೂಸಿದ್ದು. ಕಡೆಗೆ ಬಿಳಿ ಮಚ್ಚೆಯ ಒಂದು ಹೋರಿ, ಹಿಂಗಾಲು ಸ್ವಲ್ಪ ಕುಂಟುತ್ತಿದ್ದದ್ದು, ಉಳಿದವನ್ನು ಭುಜದಿಂದ ತಳ್ಳಿಕೊಂಡು ಬಂತು. ಮೂಸಿತು. ಕಬ್ಬನ್ನು ಕಚ್ಚಿ ಎಳೆಯಿತು.

ಕಾಲೇಜಿನಲ್ಲಿ ಪ್ರಜೆಗಳ ಹಕ್ಕು, ರಾಜರ ಹಕ್ಕು ಎಂದು ಪುಟಗಟ್ಟಲೆ ಬಾಯಿಪಾಠ ಮಾಡಿದ್ದವನು ನಾನು. ಕೂಡಿಹಾಕಿದ ದೊಡ್ಡಿಯೊಳಗೆ, ಬಂದೂಕುಗಳ ಎದುರಿಗೆ, ಒಂದು ಹಿಂಡು ತನ್ನ ಅರಸನನ್ನು ತಾನೇ ಕಂಡುಕೊಂಡದ್ದನ್ನು ನೋಡಿದಾಗ ಆ ಪುಟಗಳಲ್ಲಿ ಒಂದು ಸಾಲೂ ನೆನಪಿಗೆ ಬರಲಿಲ್ಲ.

ಗೋಡೆಯ ಮೇಲಿಂದ ಅರಿಶಿನದ ನೀರು ಹೋರಿಯ ಬೆನ್ನ ಮೇಲೆ ಸುರಿಯಿತು. ಜನ ಒಂದೇ ಸಲ ಕೂಗಿದರು. ಪೊಲೀಸರು ಆ ಕೂಗಿಗೆ ತಿರುಗಿದ ಗಳಿಗೆಯಲ್ಲಿ ಅತ್ತೆ ಅವರ ಸಾಲಿನ ನಡುವೆ ನುಗ್ಗಿ ಮೊದಲನೆಯ ಅಡ್ಡಮರವನ್ನು ಎಳೆದು ಬೀಳಿಸಿದಳು. ಕೆಂಚಯ್ಯ ಮಾವ ಎರಡನೆಯದಕ್ಕೆ ಕೈಹಾಕಿದರು.

"ಬಂದೂಕು ಎತ್ತಿ!" ಇನ್‌ಸ್ಪೆಕ್ಟರು ಕಿರುಚಿದರು.

ನಾನು ಯಾವಾಗ ದೊರೆಯ ಪಕ್ಕ ಬಿಟ್ಟೆ, ಯಾವಾಗ ಬಾಗಿಲಿನ ಮುಂದೆ ನಿಂತೆ, ತಿಳಿಯದು. ಎಷ್ಟೋ ಸಲ ಮನಸ್ಸಿನಲ್ಲಿ ಹಿಂದಕ್ಕೆ ಹೋಗಿ ಆ ಹೆಜ್ಜೆಗಳನ್ನು ಹುಡುಕಿದ್ದೇನೆ, ಸಿಕ್ಕಿಲ್ಲ. ಸಿಗುವುದು ಬಂದೂಕು ಮಾತ್ರ. ಅದರ ಬಾಯಿ ನನ್ನ ಕೋಟಿನ ಗುಂಡಿಗೆ ಒತ್ತಿಕೊಂಡಿತ್ತು. ಹಿಡಿದಿದ್ದವನು ನನ್ನ ವಯಸ್ಸಿನ ಪೇದೆ. ಅವನ ಮೀಸೆಯ ಮೇಲೆ ತುಂತುರು ಹನಿ ಕೂತಿತ್ತು. ಅವನೂ ನಡುಗುತ್ತಿದ್ದ. ಆ ನಡುಕ ಕೊಳವೆಯಲ್ಲಿ ಹರಿದು ಬಂದು ನನ್ನ ಎಲುಬಿಗೆ ತಾಗುತ್ತಿತ್ತು.

ದೊರೆ ಇಂಗ್ಲಿಷಿನಲ್ಲಿ ಕೂಗಿದರು: "ಹೇಳಿಬಿಡು! ನಿನ್ನವು ಎಂದು ಹೇಳು, ಈಗಲೇ ನಿಲ್ಲಿಸುತ್ತೇನೆ!"

ಆ ಎರಡು ಪದ ನಾಲಿಗೆಯ ತುದಿಯಲ್ಲಿತ್ತು. ಬದುಕಬೇಕೆಂಬ ಆಸೆ ಹೊಟ್ಟೆಯಿಂದ ಮೇಲಕ್ಕೆ ಒದ್ದು ಬರುತ್ತಿತ್ತು. ಪಕ್ಕದಲ್ಲಿ ಅತ್ತೆ ಮೂರನೆಯ ಮರವನ್ನು ಅಪ್ಪಿ ಹಿಡಿದು ಜಗ್ಗುತ್ತಿದ್ದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ಇವಕ್ಕೆ ಒಡೆಯರಿಲ್ಲ" ಎಂದೆ ಇಂಗ್ಲಿಷಿನಲ್ಲಿ. ದನಿ ಸೀಳಿಹೋಯಿತು. ಅದನ್ನೇ ತಮಿಳಿನಲ್ಲಿ ಇನ್‌ಸ್ಪೆಕ್ಟರಿಗೆ ಹೇಳಿದೆ. ಆಮೇಲೆ ಕನ್ನಡದಲ್ಲಿ, ಯಾರಿಗೆಂದು ಗೊತ್ತಿಲ್ಲ, ಬಹುಶಃ ನನಗೇ.

ಮರ ಬಿತ್ತು. ಹೋರಿ ಹೊರಗೆ ಕಾಲಿಟ್ಟಿತು. ಓಡಲಿಲ್ಲ. ಕುಂಟುತ್ತ, ಮೈಯಿಂದ ಹಳದಿ ನೀರು ತೊಟ್ಟಿಕ್ಕಿಸುತ್ತ, ನನಗೂ ಆ ಪೇದೆಗೂ ಪಕ್ಕದಲ್ಲೇ ಉಜ್ಜಿಕೊಂಡು ಹೋಯಿತು. ಪೇದೆ ಒಂದು ಹೆಜ್ಜೆ ಹಿಂದೆ ಸರಿದ. ಬಂದೂಕಿನ ಬಾಯಿ ನನ್ನ ಎದೆ ಬಿಟ್ಟಿತು. ಹಿಂದಿನಿಂದ ಹಿಂಡೆಲ್ಲ ಬಂತು. ಅದೇ ಹೊತ್ತಿಗೆ ಸಾಲಿನ ಆ ತುದಿಯಲ್ಲಿ ಯಾರದೋ ಬಂದೂಕು ಸಿಡಿಯಿತು. ಕೆಂಚಯ್ಯ ಮಾವ ಕಂಬಕ್ಕೆ ಬಡಿದು ಕುಸಿದರು. ಅವರ ಭುಜದಿಂದ ರಕ್ತ ಹರಿಯುತ್ತಿತ್ತು. "ದನ ನೋಡ್ರೋ, ನನ್ನೇನ್ ನೋಡ್ತೀರಾ!" ಎಂದು ಬೈದರು.

ದೊರೆ ಕೈಯೆತ್ತಿ ಇನ್ನೊಂದು ಗುಂಡು ಹಾರದಂತೆ ತಡೆದರು. ಅದನ್ನೂ ಹೇಳಲೇಬೇಕು. ಹಿಂಡು ಬಯಲು ದಾಟಿ, ಬಿಳಿ ಕಲ್ಲುಗಳನ್ನು ದಾಟಿ, ಬೆಟ್ಟದ ಹಸಿರಿಗೆ ಏರಿತು. ಹರಾಜಿನವರು ಛತ್ರಿ ಮಡಚಿ ಗಾಡಿ ಹತ್ತಿದರು.

ಕೆಂಚಯ್ಯ ಮಾವ ಬದುಕಿದರು. ಆ ಕೈ ಮಾತ್ರ ಮತ್ತೆ ಮೇಲೇಳಲಿಲ್ಲ. ಅತ್ತೆಯನ್ನೂ ನನ್ನನ್ನೂ ಇನ್ನೂ ಹಲವರನ್ನೂ ಹಿಡಿದು ಪೆರಿಯಕುಳಂಗೆ ಒಯ್ದರು. ಮ್ಯಾಜಿಸ್ಟ್ರೇಟರ ಮುಂದೆ ಮತ್ತೆ ಅದೇ ಪ್ರಶ್ನೆ: ಒಡೆಯ ಯಾರು? ಅತ್ತೆ ಕಟಕಟೆ ಹಿಡಿದು, "ಒಡೆಯ ಇಲ್ಲ ಸಾಮಿ. ಮರ ಕಿತ್ತೋಳು ಬೇಕಾ? ಅದು ನಾನು. ವೀರಮ್ಮ. ಬರ್ಕೊಳಿ" ಎಂದಳು. ಅವಳ ಹಿಂದೆ ಒಬ್ಬೊಬ್ಬರೂ ಹಾಗೆಯೇ ಹೇಳಿದರು. ಹಿಂಡಿಗೆ ಒಡೆಯನೆಂದು ಒಂದು ಹೆಸರನ್ನೂ ಕೊಡದವರು ತಪ್ಪಿಗೆ ತಮ್ಮ ತಮ್ಮ ಹೆಸರನ್ನು ತಾವಾಗಿಯೇ ಕೊಟ್ಟರು. ನನ್ನ ಸರದಿ ಬಂತು. ನಡುಗುತ್ತಲೇ ಹೆಸರು ಹೇಳಿದೆ. ನಡುಗಿದರೂ ಹೇಳಬಹುದು ಎಂದು ಗೊತ್ತಾದದ್ದು ಆ ದಿನ.

ಸೆರೆಮನೆಯ ವಿಷಯ ಇಲ್ಲಿ ಬೇಡ. ಹೊರಗೆ ಬಂದಾಗ ದುಭಾಷಿಯ ಕೆಲಸ ಇರಲಿಲ್ಲ, ಸರ್ಕಾರದ ಇನ್ಯಾವ ಕೆಲಸದ ಬಾಗಿಲೂ ತೆರೆದಿರಲಿಲ್ಲ. ಅಪ್ಪ ತುಂಬ ದಿನ ನನ್ನೊಂದಿಗೆ ಮಾತಾಡಲಿಲ್ಲ. ಒಂದು ಸಂಜೆ ಊಟಕ್ಕೆ ಕೂತಾಗ, "ಆ ದೊರೆ ನಿನಗೆ ಕುರ್ಚಿ ಕೊಟ್ಟಿದ್ನಂತೆ, ನಿಜವಾ?" ಎಂದರು. ನಿಜ ಎಂದೆ. "ಊಂ" ಎಂದು ತಮ್ಮ ತಟ್ಟೆಯ ಮುದ್ದೆಯಲ್ಲಿ ಅರ್ಧ ಮುರಿದು ನನ್ನ ತಟ್ಟೆಗೆ ಹಾಕಿದರು. ಕಡೆಗೆ ದಿಂಡಿಗಲ್‌ನ ಈ ಖಾಸಗಿ ಪಾಠಶಾಲೆಯವರು ನನ್ನನ್ನು ಸೇರಿಸಿಕೊಂಡರು.

ಧೈರ್ಯಶಾಲಿ ಎಂದು ಯಾರಾದರೂ ಹೊಗಳಿದರೆ ನನಗೆ ಸಿಟ್ಟು ಬರುತ್ತದೆ. ಕನಸಿನಲ್ಲಿ ಆ ಪೇದೆ ಹಿಂದೆ ಸರಿಯುವುದೇ ಇಲ್ಲ. ಅವನು ಯಾಕೆ ಬಂದೂಕಿನ ಕುದುರೆ ಎಳೆಯಲಿಲ್ಲವೋ ಇಂದಿಗೂ ನನಗೆ ತಿಳಿಯದು. ಸ್ವಾತಂತ್ರ್ಯದ ಬಗ್ಗೆ ಹುಡುಗರಿಗೆ ಪಾಠ ಹೇಳುವಾಗ ಪುಸ್ತಕದಲ್ಲಿದ್ದದ್ದನ್ನು ಓದಿ ಮುಗಿಸುತ್ತೇನೆ. ನನಗೆ ಗೊತ್ತಿರುವುದು ಅದರಲ್ಲಿಲ್ಲ. ಹೆದರಿಕೆ ಹೋಗುವುದೇ ಸ್ವಾತಂತ್ರ್ಯವಾದರೆ ನನಗೆ ಅದು ಸಿಕ್ಕೇ ಇಲ್ಲ. ನನ್ನ ಬಾಯಿಯಿಂದ ಇನ್ನೊಬ್ಬರ ಮಾತು ಹೊರಡದಂತೆ ಒಮ್ಮೆ ನೋಡಿಕೊಂಡೆ. ನನ್ನ ಪಾಲಿಗೆ ಅಷ್ಟೇ ಅದು.

ಕಲ್ಲುಗಳು ಈಗಲೂ ಅಲ್ಲೇ ಇವೆ. ವರ್ಷವರ್ಷವೂ ಸುಣ್ಣ ಬಳಿಯುತ್ತಾರೆ. ಕಾನೂನು ಬದಲಾಗಿಲ್ಲ. ಆನಿ ತಿಂಗಳಲ್ಲಿ ನಾನು ರಜ ಹಾಕಿ ಊರಿಗೆ ಹೋಗುತ್ತೇನೆ. ಕೆಂಚಯ್ಯ ಮಾವ ಒಂದು ಕೈ ಬೀಸಿಕೊಂಡು ಮುಂದೆ, ಕೋಟು ತೊಟ್ಟ ನಾನು ಹಿಂದೆ, ನಡುವೆ ಹಿಂಡು. ಈ ಸಲವೂ ಕಲ್ಲಿನ ಬಳಿ ಹಳೆಯ ಕಾವಲುಗಾರನೇ ಕಂಬಳಿ ಹೊದ್ದು ಕೂತಿದ್ದ. ಅವನ ಹೆಗಲಿನ ಬಂದೂಕು ಕಂಡೊಡನೆ ಎಂದಿನಂತೆ ನನ್ನ ಕಾಲು ನೆಲಕ್ಕೆ ಅಂಟಿತು. ಹೋರಿ ನಿಲ್ಲಲಿಲ್ಲ. ನಾನೂ ಕಲ್ಲು ದಾಟಿದೆ.

ಅವನು ನಿಟ್ಟುಸಿರು ಬಿಟ್ಟ. "ಈ ವರ್ಸವೂ ನೀವೇನಾ ವಾಧ್ಯಾರೇ?"

"ನಾನೇ" ಎಂದೆ. "ಬರ್ಕೊ."